ಬೇಸಗೆಯ ಬಿಡುವೂ ಪುಸ್ತಕಭಾಂಡಾರಗಳೂ

ಪ್ರತಿವರ್ಷವೂ ಏಪ್ರಿಲ್ ತಿಂಗಳು ನಡುವಿಗೆ ಬರುವಷ್ಟರಲ್ಲಿ ನಮ್ಮ ನಾಡಿನ ಶಾಲೆಗಳ ಬಾಗಿಲುಗಳು ಮುಚ್ಚುತ್ತವೆ. ಮತ್ತೆ ಅವು ತೆರೆಯುವುದು ಮೇ ತಿಂಗಳ ಕೊನೆಗೆ. ಕಾಲೇಜುಗಳಲ್ಲಿ ಓದುವ ತರುಣರಿಗೂ ಪರೀಕ್ಷೆಗಳು ಮುಗಿದ ತರುವಾಯ ಕೆಲವು ವಾರಗಳ ಬಿಡುವು ದೊರೆಯುವುದುಂಟು. ಈ ಕಾಲದಲ್ಲಿ ಲಕ್ಷಗಟ್ಟಲೆ ಬಾಲಕ ಬಾಲಕಿಯರು ಓದಲು ಪುಸ್ತಕವಿಲ್ಲದೆ ದಿನಗಳನ್ನು ಕಳೆಯುತ್ತಾರೆ. ಸಾವಿರಗಟ್ಟಲೆ ವಿದ್ಯಾರ್ಥಿಗಳು ಮಾಡಲು ತಕ್ಕ ಕೆಲಸವಿಲ್ಲದೆ ದಿನಗಳನ್ನು ಕಳೆಯುತ್ತಾರೆ. ಅದೇ ವೇಳೆಯಲ್ಲಿ ಊರೂರಿನ ಪುಸ್ತಕಭಾಂಡಾರಗಳು ದುಡಿಯುವ ಕೈಗಳಿಲ್ಲದೆ ಕೊರಗುತ್ತಿರುತ್ತವೆ. ಮೂರು ಕೊರತೆಗಳೂ ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಇರುವಾಗ, ಒಂದರಿಂದ ಇನ್ನೊಂದನ್ನು ನೀಗಿಸಿಕೊಳ್ಳುವ ಬುದ್ಧಿಯು ನಮಗೆ ಇನ್ನೂ ಏಕೆ ಬರಲಿಲ್ಲವೆಂಬುದೇ ಆಶ್ಚರ್ಯವು.

ನಮ್ಮ ಸೂಚನೆಯು ಸರಳವಾದುದು. ಪ್ರತಿಯೊಂದು ಸಾರ್ವಜನಿಕ ಗ್ರಂಥಾಲಯವೂ, ಅದು ನಗರದ ಕೇಂದ್ರ ಗ್ರಂಥಾಲಯವಾಗಿರಲಿ, ತಾಲೂಕಿನ ಶಾಖೆಯಾಗಿರಲಿ, ಗ್ರಾಮ ಪಂಚಾಯತಿಯ ‘ಅರಿವು ಕೇಂದ್ರ’ವಾಗಿರಲಿ, ಬೇಸಗೆಯ ನಾಲ್ವತ್ತು ದಿನಗಳ ಮಟ್ಟಿಗೆ ಅದೇ ಊರಿನ ಇಲ್ಲವೆ ನೆರೆಯೂರಿನ ಇಬ್ಬರು ಕಾಲೇಜು ವಿದ್ಯಾರ್ಥಿಗಳನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು, ಅವರಿಗೆ ಗೊತ್ತಾದ ಕೆಲಸವನ್ನು ಕೊಡಬೇಕು, ಆ ಕೆಲಸಕ್ಕೆ ಸಂಬಳವನ್ನು ಕೊಡಬೇಕು. ಈ ಮೂರರಲ್ಲಿ ಕಡೆಯದನ್ನು ನಾವು ವಿಶೇಷವಾಗಿ ಒತ್ತಿ ಹೇಳುತ್ತೇವೆ. ಅದರ ಕಾರಣವನ್ನು ಮುಂದೆ ವಿವರಿಸುವೆವು.

ಮೊದಲು ನಮ್ಮ ಗ್ರಂಥಾಲಯಗಳ ಸ್ಥಿತಿಯನ್ನು ನೋಡೋಣ. ಈ ನಾಡಿಗೆ ಗ್ರಂಥಾಲಯವೆಂಬುದು ಹೊಸ ವಸ್ತುವಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯವು ೧೮೯೧ರಷ್ಟು ಹಿಂದಿನದು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಜನರು ಕುಳಿತು ಓದುತ್ತ ಬಂದಿದ್ದಾರೆ. ೧೯೬೫ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವಾಯಿತು. ಮನೆ ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಸಲ್ಲಿಸಬೇಕೆಂದು ಏರ್ಪಟ್ಟಿತು. ಈಗ ಆ ಕರವು ತೆರಿಗೆಯ ರೂಪಾಯಿಯೊಂದಕ್ಕೆ ಆರು ಪೈಸೆ. ೨೦೧೯ರಲ್ಲಿ ಹಳ್ಳಿಗಳ ಐದು ಸಾವಿರಕ್ಕೂ ಮಿಕ್ಕ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ ರಾಜ್ ಇಲಾಖೆಗೆ ಒಪ್ಪಿಸಲಾಯಿತು. ಮರುವರ್ಷವೇ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳಿಗೆ ಅವುಗಳ ಸದಸ್ಯತ್ವವು ಉಚಿತವಾಗಿ ದೊರೆಯತೊಡಗಿತು. ಇವೆಲ್ಲ ಸಂತೋಷದ ಸಂಗತಿಗಳು. ಕಟ್ಟಡವುಂಟು, ಕಾನೂನುಂಟು, ಕರವುಂಟು, ಮಕ್ಕಳ ಹೆಸರುಗಳೂ ದಾಖಲೆಯಲ್ಲಿ ಉಂಟು.

ಆದರೆ ಒಳಗೆ ಹೋಗಿ ನೋಡಿದರೆ ಹಳ್ಳಿಯ ಗ್ರಂಥಾಲಯದಲ್ಲಿ ಸಾಮಾನ್ಯವಾಗಿ ಇರುವವರು ಒಬ್ಬರೇ ಮೇಲ್ವಿಚಾರಕರು. ಬಾಗಿಲು ತೆಗೆಯುವವರೂ ಅವರೇ, ಕಸ ಗುಡಿಸುವವರೂ ಅವರೇ. ವೃತ್ತಪತ್ರಿಕೆಗಳನ್ನು ಹರಡುವುದು, ಪುಸ್ತಕಗಳನ್ನು ಕೊಡುವುದು, ತರಿಸುವುದು, ಹೊಸ ಪುಸ್ತಕಗಳನ್ನು ದಾಖಲಿಸುವುದು, ಮೇಲಿನವರಿಗೆ ತಃಖ್ತೆಗಳನ್ನು ಕಳುಹಿಸುವುದು, ಈಗ ಗಣಕಯಂತ್ರದ ಮುಂದೆ ಕುಳಿತ ಮಕ್ಕಳನ್ನು ನೋಡಿಕೊಳ್ಳುವುದು, ಎಲ್ಲವೂ ಅವರ ಮೇಲೆಯೇ ಬಿದ್ದಿದೆ. ಪಟ್ಟಣದ ಶಾಖೆಗಳಲ್ಲಿಯೂ ನಿವೃತ್ತರಾದವರ ಸ್ಥಾನಗಳು ತೆರವಾಗಿಯೇ ಉಳಿದಿರುವುದನ್ನು ವಾಚಕರು ತಮ್ಮ ಊರುಗಳಲ್ಲಿಯೇ ಕಂಡಿರಬಹುದು. ಹೀಗಿರಲು ಪುಸ್ತಕಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ವಿಚಾರಿಸುವುದಕ್ಕೆ ಯಾರಿಗೆ ಬಿಡುವಿದೆ? ದಿನದ ಕೆಲಸವು ದಿನಕ್ಕೆ ಮುಗಿದರೆ ಸಾಕೆಂಬಂತಾಗಿದೆ. ವರ್ಷದ ಕೆಲಸವು ವರ್ಷದಿಂದ ವರ್ಷಕ್ಕೆ ಬಾಕಿಯಾಗುತ್ತ ಹೋಗುತ್ತದೆ.

ಆ ಬಾಕಿಯೆಂದರೆ ಏನು? ದಾಖಲೆಯ ಪುಸ್ತಕದಲ್ಲಿ ಬರೆದಿರುವ ಗ್ರಂಥವು ಕಪಾಟಿನಲ್ಲಿದೆಯೋ ಇಲ್ಲವೋ ಎಂಬುದನ್ನು ತಾಳೆ ನೋಡುವುದು ಮೊದಲನೆಯದು. ರಟ್ಟು ಬಿಚ್ಚಿದವನ್ನು ಬೇರೆಯಿಟ್ಟು ಕಟ್ಟಲು ಕಳುಹಿಸುವುದು, ಗೆದ್ದಲು ಹತ್ತಿದ ಕಪಾಟನ್ನು ತೆರವು ಮಾಡುವುದು, ಧೂಳು ಒರೆಸುವುದು, ಬೆನ್ನಿನ ಮೇಲಿನ ಅಳಿಸಿಹೋದ ಸಂಖ್ಯೆಯನ್ನು ಮತ್ತೆ ಬರೆಯುವುದು, ಸ್ಥಳ ತಪ್ಪಿದ ಪುಸ್ತಕವನ್ನು ಸ್ವಸ್ಥಾನಕ್ಕೆ ಸೇರಿಸುವುದು ಎರಡನೆಯದು. ಸ್ಥಳ ತಪ್ಪಿದ ಪುಸ್ತಕಕ್ಕೂ ಕಳೆದುಹೋದ ಪುಸ್ತಕಕ್ಕೂ ಓದುಗನ ಮಟ್ಟಿಗೆ ಏನೂ ಭೇದವಿಲ್ಲ. ಕೇಳಿದಾಗ ಎರಡೂ ಸಿಗುವುದಿಲ್ಲ.

ಒಂದು ಲೆಕ್ಕವನ್ನು ಹಾಕಿ ನೋಡೋಣ. ಇಬ್ಬರು ಜೊತೆಗೂಡಿ, ಒಬ್ಬನು ಪುಸ್ತಕವನ್ನು ತೆಗೆದು ಒರೆಸಿ ಸಂಖ್ಯೆಯನ್ನು ಓದಿ ಹೇಳುತ್ತ, ಇನ್ನೊಬ್ಬನು ದಾಖಲೆಯಲ್ಲಿ ಗುರುತು ಮಾಡುತ್ತ ಹೋದರೆ, ಪುಸ್ತಕವೊಂದಕ್ಕೆ ಮೂರು ನಿಮಿಷ ಹಿಡಿಯುವುದೆಂದು ಇಟ್ಟುಕೊಳ್ಳಿರಿ. ಗಂಟೆಗೆ ೨೦ ಪುಸ್ತಕಗಳಾದವು. ದಿನಕ್ಕೆ ನಾಲ್ಕು ಗಂಟೆ ದುಡಿದರೆ ೮೦; ನಾಲ್ವತ್ತು ದಿನಗಳಿಗೆ ೩,೨೦೦. ಮೂರು ಸಾವಿರ ಪುಸ್ತಕಗಳಿರುವ ಹಳ್ಳಿಯ ಗ್ರಂಥಾಲಯವೊಂದು ಒಂದೇ ಬೇಸಗೆಯಲ್ಲಿ ಆಮೂಲಾಗ್ರವಾಗಿ ಪರಿಶೋಧಿತವಾಗುವುದೆಂದಾಯಿತು. ಒಬ್ಬರೇ ಮೇಲ್ವಿಚಾರಕರು ಇದ್ದ ಕೆಲಸಗಳ ನಡುವೆ ದಿನಕ್ಕೆ ಹತ್ತು ಪುಸ್ತಕಗಳನ್ನು ನೋಡಿದರೂ ಅದಕ್ಕೆ ಮುನ್ನೂರು ದಿನಗಳು ಬೇಕು. ಅಷ್ಟರಲ್ಲಿ ಮೊದಲು ನೋಡಿದ ಕಪಾಟು ಮತ್ತೆ ಹಳೆಯ ಸ್ಥಿತಿಗೇ ಬಂದಿರುತ್ತದೆ.

ಇದಿಷ್ಟೇ ಆಗಿದ್ದರೆ ಯಾವ ಕೂಲಿಯಾಳಿನಿಂದಲಾದರೂ ಮಾಡಿಸಬಹುದೆಂದು ಕೆಲವರು ಹೇಳಬಹುದು. ವಿದ್ಯಾರ್ಥಿಯೇ ಏಕೆ ಬೇಕು? ಬೇಕು, ಏಕೆಂದರೆ ಕನ್ನಡ ಪುಸ್ತಕಗಳ ಪಟ್ಟಿಯನ್ನು ಸರಿಮಾಡುವುದಕ್ಕೆ ಕನ್ನಡವನ್ನು ಓದಿದವರೇ ಬೇಕು. ನಮ್ಮ ಗ್ರಂಥಕರ್ತರು ಒಂದೇ ಹೆಸರಿನಿಂದ ಬರೆದವರಲ್ಲ. ಬೇಂದ್ರೆಯವರ ಕವಿತೆಗಳು ಅಂಬಿಕಾತನಯದತ್ತರ ಹೆಸರಿನಲ್ಲಿ ಬಂದಿವೆ. ಕುವೆಂಪು ಎಂದರೂ ಕೆ. ವಿ. ಪುಟ್ಟಪ್ಪ ಎಂದರೂ ಒಬ್ಬರೇ. ಮಾಸ್ತಿಯವರು ‘ಶ್ರೀನಿವಾಸ’, ಗೋಕಾಕರು ‘ವಿನಾಯಕ’, ಅನಸೂಯಾ ಶಂಕರರು ‘ತ್ರಿವೇಣಿ’. ಶ್ರೀರಂಗರನ್ನಂತೂ ಆದ್ಯ ರಂಗಾಚಾರ್ಯ, ಆರ್. ವಿ. ಜಾಗೀರದಾರ ಎಂದು ಮೂರು ಕಡೆಗಳಲ್ಲಿ ಹುಡುಕಬೇಕು. ಇದನ್ನರಿಯದವನು ಪಟ್ಟಿ ಮಾಡಿದರೆ ಒಬ್ಬ ಲೇಖಕನು ಮೂವರಾಗಿ ಮೂರು ಕಪಾಟುಗಳಿಗೆ ಹಂಚಿಹೋಗುತ್ತಾನೆ. ಇಂಗ್ಲಿಷ್ ಅಕ್ಷರಗಳಲ್ಲಿ ಗಣಕಯಂತ್ರಕ್ಕೆ ಹೆಸರುಗಳನ್ನು ತುಂಬಿದ ಕಡೆಗಳಲ್ಲಿ ಅವಾಂತರವು ಇನ್ನೂ ಹೆಚ್ಚು; ಒಂದೇ ಹೆಸರು ನಾಲ್ಕು ಬಗೆಯ ಕಾಗುಣಿತದಿಂದ ನಾಲ್ಕು ಹೆಸರುಗಳಾಗಿ ಕುಳಿತಿರುತ್ತದೆ. ಬಿ. ಎ. ತರಗತಿಯಲ್ಲಿ ಕನ್ನಡವನ್ನು ಓದುತ್ತಿರುವ ಹುಡುಗಿಯೊಬ್ಬಳು ಒಂದು ವಾರದಲ್ಲಿ ಈ ಗೋಜಲನ್ನು ಬಿಡಿಸಿಯಾಳು. ‘ಅಂಬಿಕಾತನಯದತ್ತ: ಬೇಂದ್ರೆ ಎಂಬಲ್ಲಿ ನೋಡಿರಿ’ ಎಂಬ ಒಂದು ಚೀಟಿಯು ಮುಂದೆ ಬರುವ ಎಷ್ಟು ಓದುಗರ ಎಷ್ಟು ಅಲೆದಾಟವನ್ನು ತಪ್ಪಿಸೀತು!

ಹಳೆಯ ಪತ್ರಿಕೆಗಳ ಸಂಗತಿಯೂ ಹೀಗೆಯೇ. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವು ಹೊರಟಂದಿನಿಂದ ಕನ್ನಡದಲ್ಲಿ ಎಷ್ಟು ಪತ್ರಿಕೆಗಳು ಹುಟ್ಟಿದವು, ಎಷ್ಟು ನಿಂತವು! ಆಲೂರ ವೆಂಕಟರಾಯರು ೧೯೨೨ರಲ್ಲಿ ಆರಂಭಿಸಿದ ‘ಜಯಕರ್ನಾಟಕ’ದಂತಹ ಮಾಸಪತ್ರಿಕೆಗಳಲ್ಲಿ ನಾಡಿನ ಇತಿಹಾಸಕ್ಕೂ ಸಾಹಿತ್ಯಕ್ಕೂ ಬೇಕಾದ ಎಷ್ಟೋ ಬರವಣಿಗೆಯು ಅಡಗಿದೆ. ಅಂತಹ ಪತ್ರಿಕೆಗಳ ಹೊಲಿದಿಟ್ಟ ಸಂಪುಟಗಳು ಹಳೆಯ ಪುಸ್ತಕಾಲಯಗಳಲ್ಲಿ ಇದ್ದರೂ, ಯಾವ ಸಂಚಿಕೆಯಲ್ಲಿ ಯಾರು ಏನನ್ನು ಬರೆದಿದ್ದಾರೆಂಬ ಸೂಚಿಯಿಲ್ಲದಿದ್ದರೆ ಅವು ಕಟ್ಟಿಟ್ಟ ಗಂಟೇ ಸರಿ. ಇತಿಹಾಸವನ್ನು ಓದುವ ವಿದ್ಯಾರ್ಥಿಯೊಬ್ಬನು ಬೇಸಗೆಗೊಂದು ಪತ್ರಿಕೆಯಂತೆ ಸೂಚಿಯನ್ನು ಬರೆದಿಟ್ಟು ಹೋದರೆ, ಹತ್ತು ಬೇಸಗೆಗಳಲ್ಲಿ ಒಂದು ಜಿಲ್ಲೆಯ ಪತ್ರಿಕಾಭಂಡಾರವು ಸಂಶೋಧಕರಿಗೆ ಕೈಗೆಟುಕುವಂತಾಗುತ್ತದೆ.

ಗ್ರಂಥಾಲಯದಲ್ಲಿ ಓದಬಲ್ಲ ಒಂದು ಜೊತೆ ಕಣ್ಣುಗಳಿದ್ದರೆ ಏನಾಗಬಹುದೆಂಬುದಕ್ಕೆ ಮೈಸೂರಿನ ಉದಾಹರಣೆಯೇ ಸಾಕು. ಕೌಟಿಲ್ಯನ ಅರ್ಥಶಾಸ್ತ್ರವು ಲುಪ್ತವಾಯಿತೆಂದೇ ಲೋಕವು ಬಹುಕಾಲ ನಂಬಿತ್ತು. ಅದರ ತಾಳೆಯ ಗರಿಯ ಪ್ರತಿಯೊಂದು ಪ್ರಾಚ್ಯ ಪುಸ್ತಕಾಲಯಕ್ಕೆ ಬಂದಿತು. ಅಲ್ಲಿ ಪುಸ್ತಕಾಧ್ಯಕ್ಷರಾಗಿದ್ದ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದನ್ನು ಗುರುತಿಸಿದರು. ೧೯೦೯ರಲ್ಲಿ ಅದು ಅಚ್ಚಾಗಿ ಹೊರಬಂದಿತು. ಓಲೆಯ ಕಟ್ಟನ್ನು ಬಿಚ್ಚಿ ಓದುವವರು ಅಲ್ಲಿರದಿದ್ದರೆ ಅದೂ ಒಂದು ಸಂಖ್ಯೆಯಾಗಿ ಕಪಾಟಿನಲ್ಲಿ ಉಳಿಯುತ್ತಿತ್ತು. ನಮ್ಮ ತಾಲೂಕು ಗ್ರಂಥಾಲಯಗಳಲ್ಲಿ ಅರ್ಥಶಾಸ್ತ್ರವು ದೊರೆಯುವುದೆಂದು ನಾವು ಹೇಳುವುದಿಲ್ಲ. ಆದರೆ ತೀರಿಕೊಂಡ ಮಾಸ್ತರರ ಮಕ್ಕಳು ದಾನವಾಗಿ ತಂದುಕೊಟ್ಟ ಪೆಟ್ಟಿಗೆಗಳಲ್ಲಿ ಇಂದು ಎಲ್ಲಿಯೂ ಸಿಗದ ಒಂದು ನಾಟಕದ ಪ್ರತಿಯೋ, ಒಂದು ಊರಿನ ಚರಿತ್ರೆಯೋ ಇರಬಾರದೇಕೆ? ಪೆಟ್ಟಿಗೆಯನ್ನು ತೆರೆದವರಿಗಲ್ಲವೇ ಗೊತ್ತಾಗುವುದು?

ಇನ್ನು ಮಕ್ಕಳ ವಿಷಯ. ಜೂನ್ ತಿಂಗಳಲ್ಲಿ ತರಗತಿಗೆ ಕಾಲಿಟ್ಟ ಉಪಾಧ್ಯಾಯ ಬಂಧುಗಳಿಗೆ ನಾವು ಇದನ್ನು ವಿವರಿಸಬೇಕಾಗಿಲ್ಲ. ಮಾರ್ಚ್ ತಿಂಗಳಲ್ಲಿ ತಡೆಯಿಲ್ಲದೆ ಓದುತ್ತಿದ್ದ ಹುಡುಗನು ಜೂನ್‌ನಲ್ಲಿ ಒತ್ತಕ್ಷರಗಳ ಮುಂದೆ ನಿಂತು ತಡವರಿಸುತ್ತಾನೆ. ಮನೆಯಲ್ಲಿ ಪುಸ್ತಕಗಳಿರುವವರ ಮಕ್ಕಳಿಗೆ ಈ ಹಾನಿಯು ಅಷ್ಟಾಗಿ ತಟ್ಟುವುದಿಲ್ಲ. ಮನೆಯಲ್ಲಿ ಪಠ್ಯಪುಸ್ತಕದ ಹೊರತು ಬೇರೊಂದು ಹಾಳೆಯಿಲ್ಲದವರ ಮಕ್ಕಳಿಗೆ ತಟ್ಟುತ್ತದೆ. ಶಾಲೆಯು ಮುಚ್ಚಿದಾಗ ಅಂತಹವರಿಗೆ ತೆರೆದಿರತಕ್ಕ ಬಾಗಿಲೆಂದರೆ ಗ್ರಂಥಾಲಯದ್ದೊಂದೇ. ಈಚಿನ ವರ್ಷಗಳಲ್ಲಿ ಪಂಚಾಯತಿಯ ಗ್ರಂಥಾಲಯಗಳಲ್ಲಿ ಬೇಸಗೆಯ ಶಿಬಿರಗಳು ನಡೆಯುತ್ತಿರುವುದು ಒಳ್ಳೆಯ ಚಿಹ್ನೆಯು. ಆದರೆ ನಾಲ್ವತ್ತು ಮಕ್ಕಳು ಒಮ್ಮೆಗೇ ಬಂದು ಕುಳಿತರೆ, ಒಬ್ಬ ಮೇಲ್ವಿಚಾರಕರು ಕಥೆಯನ್ನು ಓದಿ ಹೇಳುವರೋ, ಪುಸ್ತಕಗಳನ್ನು ಬರೆದುಕೊಡುವರೋ, ಗದ್ದಲವನ್ನೇ ನಿಲ್ಲಿಸುವರೋ?

ಇಲ್ಲಿ ವಿದ್ಯಾರ್ಥಿಯ ಉಪಯೋಗವು ಅಪಾರವಾದುದು. ಹತ್ತು ವರ್ಷದ ಬಾಲಕನಿಗೆ ಹತ್ತೊಂಬತ್ತು ವರ್ಷದವನು ಗುರುವೂ ಹೌದು, ಅಣ್ಣನೂ ಹೌದು. ‘ಅಕ್ಕಾ, ಇನ್ನೊಂದು ಕಥೆ ಓದಿ’ ಎಂದು ಕೇಳುವ ಸಲುಗೆಯು ಬೇರೆ ಯಾರ ಹತ್ತಿರ ಬಂದೀತು? ತಮ್ಮದೇ ಓಣಿಯಿಂದ ಹೋಗಿ ಕಾಲೇಜಿನಲ್ಲಿ ಓದುತ್ತಿರುವವರು ಪುಸ್ತಕವನ್ನು ಹಿಡಿದು ಕುಳಿತಿರುವುದನ್ನು ಕಂಡರೆ, ಓದು ಎಂಬುದು ತಮಗೂ ಸಾಧ್ಯವಾದ ವಸ್ತುವೆಂದು ಮಕ್ಕಳಿಗೆ ಹೊಳೆಯುತ್ತದೆ. ಯಾವ ಉಪನ್ಯಾಸದಿಂದಲೂ ಆಗದ ಕೆಲಸವಿದು. ವಿಶೇಷವಾಗಿ ಗಡಿನಾಡಿನ ಊರುಗಳಲ್ಲಿ, ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು, ಪೇಟೆಯಲ್ಲಿ ಮತ್ತೊಂದು ನುಡಿಯನ್ನು ಆಡುವ ಮಕ್ಕಳಿಗೆ, ಎರಡನ್ನೂ ಬಲ್ಲ ತರುಣರು ಕಥೆಯನ್ನು ಕನ್ನಡದಲ್ಲಿ ಓದಿ ಅವರ ನುಡಿಯಲ್ಲಿ ಬಿಡಿಸಿ ಹೇಳಿದರೆ ಎಷ್ಟು ಉಪಕಾರವಾದೀತೆಂಬುದನ್ನು ಅಲ್ಲಿಯ ಶಿಕ್ಷಕರು ಚೆನ್ನಾಗಿ ಬಲ್ಲರು.

ಮೂರನೆಯ ಲಾಭವು ವಿದ್ಯಾರ್ಥಿಗೇ ಸೇರಿದ್ದು. ಕಾಲೇಜಿನಲ್ಲಿ ಅವನು ಓದುವುದು ನೇಮಿಸಿದ ಪುಸ್ತಕಗಳನ್ನು. ಎಷ್ಟೋ ವೇಳೆ ಪುಸ್ತಕಗಳನ್ನೂ ಅಲ್ಲ, ಅವುಗಳ ಸಾರಸಂಗ್ರಹಗಳನ್ನು. ಗ್ರಂಥಾಲಯದಲ್ಲಿ ಮೂರು ಸಾವಿರ ಪುಸ್ತಕಗಳನ್ನು ಕೈಯಾರೆ ಮುಟ್ಟಿದವನು ಅವುಗಳಲ್ಲಿ ಮೂವತ್ತನ್ನಾದರೂ ತೆರೆದು ನೋಡದೆ ಇರಲಾರನು. ಶಿಸ್ತಿನಿಂದ ಪಟ್ಟಿ ಮಾಡುವುದು, ಕೇಳಬಂದವರಿಗೆ ಸಮಾಧಾನದಿಂದ ಉತ್ತರ ಹೇಳುವುದು, ಒಪ್ಪಿಸಿದ ವಸ್ತುವಿಗೆ ಲೆಕ್ಕ ಕೊಡುವುದು, ಇವು ಯಾವ ಉದ್ಯೋಗಕ್ಕೆ ಹೋದರೂ ಬೇಕಾಗುವ ಗುಣಗಳು.

ಇದಕ್ಕೆ ಲೋಕಪ್ರಸಿದ್ಧವಾದ ನಿದರ್ಶನವೊಂದುಂಟು. ಅಮೆರಿಕದ ಆಮ್ಹರ್ಸ್ಟ್ ಕಾಲೇಜಿನಲ್ಲಿ ಓದುತ್ತಿದ್ದ ಮೆಲ್ವಿಲ್ ಡ್ಯೂಯಿ ಎಂಬ ವಿದ್ಯಾರ್ಥಿಯು ಕಾಲೇಜಿನ ಪುಸ್ತಕಾಲಯದಲ್ಲಿಯೇ ಸಹಾಯಕನಾಗಿ ದುಡಿಯುತ್ತಿದ್ದನು. ಅಲ್ಲಿಯ ಅವ್ಯವಸ್ಥೆಯನ್ನು ಕಂಡು, ಸಮಸ್ತ ವಿದ್ಯೆಗಳನ್ನೂ ಹತ್ತು ವರ್ಗಗಳಾಗಿ, ಒಂದೊಂದನ್ನು ಮತ್ತೆ ಹತ್ತಾಗಿ ವಿಂಗಡಿಸುವ ದಶಾಂಶ ಪದ್ಧತಿಯನ್ನು ಯೋಚಿಸಿದನು. ೧೮೭೬ರಲ್ಲಿ ಅದನ್ನು ಪ್ರಕಟಿಸಿದಾಗ ಅವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಆ ಪದ್ಧತಿಯನ್ನು ಅನುಸರಿಸುವ ನಮ್ಮ ಗ್ರಂಥಾಲಯಗಳಲ್ಲಿ ಇಂದಿಗೂ ಕನ್ನಡ ಸಾಹಿತ್ಯದ ಪುಸ್ತಕಗಳ ಬೆನ್ನಿನ ಮೇಲೆ ಬರೆಯುವ ೮೯೪.೮೧೪ ಎಂಬ ಸಂಖ್ಯೆಯು, ವಿದ್ಯಾರ್ಥಿಯೊಬ್ಬನು ಗ್ರಂಥಾಲಯದಲ್ಲಿ ಕೈಗೊಂಡ ಕೆಲಸದಿಂದಲೇ ಹುಟ್ಟಿದ ಫಲವು.

ನಮ್ಮ ದೇಶದ ಶಿಯ್ಯಾಳಿ ರಾಮಾಮೃತ ರಂಗನಾಥನ್ನರ ಕಥೆಯೂ ಉಪಾಧ್ಯಾಯರಿಗೆ ಮನನೀಯವಾದುದು. ಅವರು ಮದರಾಸಿನಲ್ಲಿ ಗಣಿತದ ಅಧ್ಯಾಪಕರು. ೧೯೨೪ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲರಾದರು; ಆದರೆ ಜನರೇ ಬಾರದ ಆ ಸ್ಥಳದಲ್ಲಿ ಬೇಸತ್ತು, ತರಗತಿಗೇ ಹಿಂದಿರುಗಬೇಕೆಂದು ಹಂಬಲಿಸಿದರು. ಇಂಗ್ಲಂಡಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳಲ್ಲಿ ನಡೆಯುವ ಕೆಲಸವನ್ನು ಕಣ್ಣಾರೆ ಕಂಡ ಮೇಲೆಯೇ ಅವರ ಮನಸ್ಸು ತಿರುಗಿತು. ೧೯೩೧ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಲೋಕಕ್ಕೆ ಕೊಟ್ಟರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ನೆಲೆಗೊಳಿಸಿದರು. ೧೯೭೨ರಲ್ಲಿ ಆ ಊರಿನಲ್ಲಿಯೇ ಕಾಲವಾದರು. ಅಷ್ಟು ದೊಡ್ಡವರಿಗೂ ಗ್ರಂಥಾಲಯದ ಮೇಲಣ ಪ್ರೀತಿಯು ದೂರದಿಂದ ಬರಲಿಲ್ಲ; ಕೆಲಸವನ್ನು ಹತ್ತಿರದಿಂದ ಕಂಡಾಗ ಬಂದಿತು. ಬಾಗಿಲಿನಾಚೆಯಿಂದಲೇ ಗ್ರಂಥಾಲಯವನ್ನು ಕಂಡಿರುವ ನಮ್ಮ ತರುಣರಿಗೂ ಅಂತಹ ಅವಕಾಶವನ್ನು ಕೊಟ್ಟು ನೋಡಬಾರದೇ?

ಇಷ್ಟೆಲ್ಲವನ್ನೂ ಒಪ್ಪಿದವರಲ್ಲಿಯೂ ಒಂದು ಆಕ್ಷೇಪಣೆಯು ಏಳುವುದುಂಟು. ‘ವಿದ್ಯಾದಾನವು ಪುಣ್ಯಕಾರ್ಯ, ತರುಣರು ಸೇವಾಭಾವದಿಂದ ಮಾಡಲಿ, ಸಂಬಳವೇಕೆ?’ ಎಂದು ಅವರು ಕೇಳುತ್ತಾರೆ. ಈ ಮಾತು ಕೇಳಲು ಇಂಪಾಗಿದೆ. ಆದರೆ ಬೇಸಗೆಯಲ್ಲಿ ಬಡ ವಿದ್ಯಾರ್ಥಿಯು ಎಲ್ಲಿರುತ್ತಾನೆಂಬುದನ್ನು ಇವರು ವಿಚಾರಿಸಿದ್ದಾರೆಯೇ? ಅವನು ಪೇಟೆಯ ಹೋಟೆಲಿನಲ್ಲಿ ತಟ್ಟೆಗಳನ್ನು ಎತ್ತುತ್ತಿರುತ್ತಾನೆ, ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊರುತ್ತಿರುತ್ತಾನೆ, ಬೆಂಗಳೂರಿನಲ್ಲಿ ಮನೆಮನೆಗೆ ಸಾಮಾನು ಮುಟ್ಟಿಸುತ್ತಿರುತ್ತಾನೆ. ಅವಳು ತಾಯಿಯೊಡನೆ ಹೊಲಕ್ಕೆ ಹೋಗುತ್ತಿರುತ್ತಾಳೆ, ಇಲ್ಲವೆ ಬಟ್ಟೆಯ ಕಾರಖಾನೆಯಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತಿರುತ್ತಾಳೆ. ಮುಂದಿನ ವರ್ಷದ ಶುಲ್ಕಕ್ಕೂ ಬಸ್ಸಿನ ಪಾಸಿಗೂ ಹಣ ಕೂಡಿಸುವ ಕಾಲವದು. ಇಂತಹವರನ್ನು ಬಿಟ್ಟಿಯಾಗಿ ಬಂದು ಪುಸ್ತಕ ಒರೆಸಿರೆಂದು ಕರೆಯುವುದು ಅವರನ್ನು ಕರೆಯದಿರುವುದಕ್ಕೆ ಸಮಾನವು. ಸಂಬಳವಿಲ್ಲದ ಸೇವೆಗೆ ಬರಬಲ್ಲವರು ಮನೆಯಲ್ಲಿ ಅನುಕೂಲವುಳ್ಳವರ ಮಕ್ಕಳು ಮಾತ್ರವೇ. ಅವರು ಬಂದರೆ ಸಂತೋಷವೇ. ಆದರೆ ಗ್ರಂಥಾಲಯದ ಒಡನಾಟದಿಂದ ಯಾರ ಬಾಳು ತಿರುಗಬಹುದೋ ಅವರೇ ಹೊರಗೆ ಉಳಿದಂತಾಯಿತು. ಆದುದರಿಂದ ಸಂಬಳವು ಈ ಯೋಜನೆಯ ಜೀವಾಳವು. ಸಂಬಳವನ್ನು ತೆಗೆದುಕೊಂಡವನಿಂದ ಕೆಲಸದ ಲೆಕ್ಕವನ್ನು ಕೇಳುವ ಹಕ್ಕೂ ಗ್ರಂಥಾಲಯಕ್ಕೆ ಉಂಟಾಗುತ್ತದೆ. ಬಿಟ್ಟಿಯ ಕೆಲಸಕ್ಕೆ ಆ ಬಿಗಿ ಇರದು.

ಇನ್ನೊಂದು ಆಕ್ಷೇಪಣೆಯು ತರಬೇತಿಯದು. ಗ್ರಂಥಾಲಯ ಶಾಸ್ತ್ರವನ್ನು ಓದದವರಿಗೆ ಈ ಕೆಲಸವು ತಿಳಿಯದೆಂದು ಹೇಳುತ್ತಾರೆ. ವರ್ಗೀಕರಣದ ಸೂಕ್ಷ್ಮಗಳು ಅವರಿಗೆ ತಿಳಿಯವೆಂಬುದು ನಿಜ. ಅವನ್ನು ಅವರಿಗೆ ಒಪ್ಪಿಸಬೇಕೆಂದು ಯಾರೂ ಹೇಳಿಲ್ಲ. ತಾಳೆ ನೋಡುವುದು, ಚೀಟಿ ಬರೆಯುವುದು, ಓದಿ ಹೇಳುವುದು, ಇವುಗಳಿಗೆ ಜಿಲ್ಲಾ ಗ್ರಂಥಾಲಯದಲ್ಲಿ ಎರಡು ಮೂರು ದಿನಗಳ ಶಿಕ್ಷಣವು ಸಾಕು. ಬಡೋದೆಯ ಸಯಾಜಿರಾವ ಮಹಾರಾಜರು ೧೯೧೦ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ತಜ್ಞನನ್ನು ಕರೆಯಿಸಿ ಗ್ರಂಥಾಲಯಗಳ ಏರ್ಪಾಡಿಗೆ ತೊಡಗಿದಾಗ, ಮರುವರ್ಷವೇ ಅಲ್ಲಿ ಕಲಿಸುವ ತರಗತಿಯನ್ನು ತೆರೆಯಲಾಯಿತು. ಕಲಿತವರು ಸಿಗುವ ವರೆಗೆ ಕಾದು ಕುಳಿತುಕೊಳ್ಳದೆ, ಇದ್ದವರಿಗೇ ಕಲಿಸಿದರು. ನಮ್ಮ ವಿಶ್ವವಿದ್ಯಾಲಯಗಳಲ್ಲಿಯೂ ಗ್ರಂಥಾಲಯ ಶಾಸ್ತ್ರದ ವಿಭಾಗಗಳು ಇವೆ. ಅಲ್ಲಿಯ ಹಿರಿಯ ವಿದ್ಯಾರ್ಥಿಗಳನ್ನು ಜಿಲ್ಲೆಗಿಬ್ಬರಂತೆ ಮೇಲ್ವಿಚಾರಣೆಗೆ ಕಳುಹಿಸಿದರೆ ಅವರಿಗೂ ಅದು ಅನುಭವವಾದೀತು.

ಮೂರನೆಯ ಆಕ್ಷೇಪಣೆಯು ಗಂಭೀರವಾದುದು. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಗ್ಗದ ವಿದ್ಯಾರ್ಥಿಗಳು ಸಿಕ್ಕಿದರೆಂದು ಖಾಯಂ ಸಿಬ್ಬಂದಿಯ ನೇಮಕವನ್ನೇ ಸರಕಾರವು ಕೈಬಿಟ್ಟರೆ? ಅಲ್ಪ ಗೌರವಧನದ ಮೇಲೆ ವರ್ಷಗಟ್ಟಲೆ ದುಡಿದು ಗ್ರಾಮ ಗ್ರಂಥಾಲಯಗಳನ್ನು ಜೀವಂತವಾಗಿ ಉಳಿಸಿದ ಮೇಲ್ವಿಚಾರಕರಿಗೆ ಈ ಶಂಕೆಯು ಬಂದರೆ ಅದು ಸಹಜವೇ. ಆದುದರಿಂದ ನಿಯಮವು ಸ್ಪಷ್ಟವಾಗಿರತಕ್ಕದ್ದು: ವಿದ್ಯಾರ್ಥಿಯು ಮೇಲ್ವಿಚಾರಕರ ಕೈಕೆಳಗೆ ಮಾತ್ರ ದುಡಿಯಬೇಕು, ತೆರವಾದ ಯಾವ ಸ್ಥಾನವನ್ನೂ ವಿದ್ಯಾರ್ಥಿಯಿಂದ ತುಂಬಿಸಕೂಡದು, ಮೇಲ್ವಿಚಾರಕರಿಲ್ಲದ ಗ್ರಂಥಾಲಯಕ್ಕೆ ಮೊದಲು ಮೇಲ್ವಿಚಾರಕರನ್ನು ಕೊಡಬೇಕು, ಆಮೇಲೆ ವಿದ್ಯಾರ್ಥಿಗಳನ್ನು. ಬೇಸಗೆಯ ಎರಡು ಕೈಗಳು ವರ್ಷದ ಎರಡು ಕೈಗಳಿಗೆ ನೆರವಾಗಬೇಕೇ ಹೊರತು ಅವುಗಳ ಅನ್ನವನ್ನು ಕಸಿಯಬಾರದು.

ನಾಲ್ಕನೆಯದು ಹಣದ ಮಾತು. ಸರಕಾರವು ಗೊತ್ತುಮಾಡಿದ ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ ಕೊಡಬೇಕೆಂಬುದು ನಮ್ಮ ಅಭಿಪ್ರಾಯವು. ಲೆಕ್ಕದ ಸೌಕರ್ಯಕ್ಕಾಗಿ ದಿನಕ್ಕೆ ೬೦೦ ರೂಪಾಯಿಗಳೆಂದು ಹಿಡಿದರೆ, ಇಬ್ಬರಿಗೆ ನಾಲ್ವತ್ತು ದಿನಗಳಿಗೆ ೪೮,೦೦೦ ರೂಪಾಯಿಗಳಾದವು. ಒಂದು ಗ್ರಂಥಾಲಯಕ್ಕೆ ಇದು ಸಣ್ಣ ಮೊತ್ತವಲ್ಲ; ಆದರೆ ಒಂದು ಪಟ್ಟಣದ ಗ್ರಂಥಾಲಯ ಕರಕ್ಕೆ ಇದು ದೊಡ್ಡದೂ ಅಲ್ಲ. ನಗರ ಸಂಸ್ಥೆಗಳು ಜನರಿಂದ ವಸೂಲು ಮಾಡಿದ ಗ್ರಂಥಾಲಯ ಕರವನ್ನು ಸಕಾಲದಲ್ಲಿ ಗ್ರಂಥಾಲಯಗಳಿಗೆ ಸಂದಾಯ ಮಾಡದೆ ಬಾಕಿ ಉಳಿಸಿಕೊಂಡಿರುವ ದೂರು ವರ್ಷಗಳಿಂದ ಕೇಳಿಬರುತ್ತಿದೆ. ಮನೆಯ ತೆರಿಗೆಯ ರಸೀದಿಯನ್ನು ತೆಗೆದು ನೋಡಿರಿ. ಗ್ರಂಥಾಲಯದ ಹೆಸರಿನಲ್ಲಿ ನೀವು ಕೊಟ್ಟ ಹಣವು ಅದರಲ್ಲಿ ನಮೂದಾಗಿರುವುದು. ಅದು ಪುಸ್ತಕಕ್ಕೆಂದು ಕೊಟ್ಟ ಹಣ. ಪುಸ್ತಕಕ್ಕೇ ಸಲ್ಲಲಿ ಎಂದು ಕೇಳುವುದು ಭಿಕ್ಷೆಯಲ್ಲ. ಸಾಲದಾದ ಹಳ್ಳಿಗಳಲ್ಲಿ ಒಬ್ಬ ವಿದ್ಯಾರ್ಥಿಯನ್ನಾದರೂ ಇಡಬಹುದು. ಎರಡು ಪಂಚಾಯತಿಗಳು ಕೂಡಿ ಒಂದು ಜೊತೆಯನ್ನು ಹಂಚಿಕೊಳ್ಳಬಹುದು. ಊರಿನ ಸಹಕಾರಿ ಸಂಘಗಳೂ ವರ್ತಕರೂ ಕೈಗೂಡಿಸಬಹುದು. ಕೆನಡಾ ದೇಶದಲ್ಲಿ ‘ಯಂಗ್ ಕೆನಡಾ ವರ್ಕ್ಸ್’ ಎಂಬ ಯೋಜನೆಯ ಮೂಲಕ, ಬಿಡುವಿನ ಕಾಲದಲ್ಲಿ ವಿದ್ಯಾರ್ಥಿಗಳನ್ನು ಕೆಲಸಕ್ಕಿಟ್ಟುಕೊಳ್ಳುವ ವಸ್ತುಸಂಗ್ರಹಾಲಯ, ದಾಖಲೆಯ ಭಂಡಾರ, ಗ್ರಂಥಾಲಯ ಮುಂತಾದವುಗಳಿಗೆ ಸಂಬಳದ ಒಂದು ಭಾಗವನ್ನು ಸರಕಾರವೇ ತುಂಬಿಕೊಡುತ್ತದೆ. ಭಾರವನ್ನು ಹಂಚಿಕೊಂಡರೆ ಯಾರಿಗೂ ಅದು ಭಾರವಾಗುವುದಿಲ್ಲವೆಂಬುದಕ್ಕೆ ಇದು ಸಾಕ್ಷಿಯು.

ಇನ್ನು ಏರ್ಪಾಡಿನ ಕೆಲವು ವಿವರಗಳು. ಆಯ್ಕೆಯು ಬಹಿರಂಗವಾಗಿ ನಡೆಯಬೇಕು. ಮಾರ್ಚ್ ತಿಂಗಳಲ್ಲಿಯೇ ಗ್ರಂಥಾಲಯದ ಬಾಗಿಲಿಗೂ ಕಾಲೇಜಿನ ಫಲಕಕ್ಕೂ ಪ್ರಕಟಣೆಯನ್ನು ಹಚ್ಚಿ, ಅರ್ಜಿದಾರರಿಂದ ಕನ್ನಡದಲ್ಲಿ ಒಂದು ಪುಟವನ್ನು ಬರೆಯಿಸಿ, ಒಂದು ಕಥೆಯನ್ನು ಗಟ್ಟಿಯಾಗಿ ಓದಿಸಿ ನೋಡಿದರೆ ಯೋಗ್ಯತೆಯು ತಾನಾಗಿ ತಿಳಿಯುತ್ತದೆ. ಸದಸ್ಯರ ಅಳಿಯಂದಿರಿಗೂ ಅಧ್ಯಕ್ಷರ ಮಕ್ಕಳಿಗೂ ಈ ಕೆಲಸಗಳು ಹಂಚಿಹೋದವೆಂದರೆ ಯೋಜನೆಯು ಮೊದಲನೆಯ ಬೇಸಗೆಯಲ್ಲಿಯೇ ಒಣಗಿಹೋದೀತು. ಹದಿನೆಂಟು ತುಂಬಿದವರನ್ನೇ ತೆಗೆದುಕೊಳ್ಳಬೇಕು. ಶಾಲೆಯ ಮಕ್ಕಳು ಓದುವುದಕ್ಕೆ ಬರಲಿ, ದುಡಿಯುವುದಕ್ಕೆ ಬೇಡ. ಇಬ್ಬರಲ್ಲಿ ಒಬ್ಬಳಾದರೂ ಹುಡುಗಿಯಾಗಿದ್ದರೆ ಊರಿನ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಗ್ರಂಥಾಲಯಕ್ಕೆ ಬರುವರು. ಬೆಳಗಿನ ತಂಪಿನಲ್ಲಿ ಎರಡು ಗಂಟೆ ಮಕ್ಕಳಿಗೂ, ಆ ಮೇಲೆ ನಾಲ್ಕು ಗಂಟೆ ಪುಸ್ತಕಗಳಿಗೂ ಮೀಸಲಾಗಿರಲಿ. ಕಲಬುರಗಿಯ ಕಡೆ ಬೇಸಗೆಯಲ್ಲಿ ಸರಕಾರಿ ಕಚೇರಿಗಳೇ ಬೆಳಗಿನ ಎಂಟರಿಂದ ಮಧ್ಯಾಹ್ನ ಒಂದೂವರೆಯ ವರೆಗೆ ನಡೆಯುವ ರೂಢಿಯುಂಟು. ಗ್ರಂಥಾಲಯಗಳೂ ಆಯಾ ಸೀಮೆಯ ಬಿಸಿಲನ್ನು ನೋಡಿ ವೇಳೆಯನ್ನು ಗೊತ್ತುಮಾಡಿಕೊಳ್ಳಲಿ. ಕಡೆಯ ದಿನ ವಿದ್ಯಾರ್ಥಿಗಳು ತಾವು ಮಾಡಿದ ಕೆಲಸದ ವರದಿಯನ್ನು ಊರವರ ಮುಂದೆ ಓದಬೇಕು: ಎಷ್ಟು ಪುಸ್ತಕಗಳು ಇದ್ದವು, ಎಷ್ಟು ಕಾಣೆಯಾದವು, ಎಷ್ಟು ಮಕ್ಕಳು ಬಂದರು, ಜನರು ಕೇಳಿದರೂ ಕೊಡಲಾಗದೆ ಹೋದ ಪುಸ್ತಕಗಳು ಯಾವುವು. ಈ ಕಡೆಯ ಪಟ್ಟಿಯೊಂದಿದ್ದರೆ ಮುಂದಿನ ವರ್ಷ ಯಾವ ಪುಸ್ತಕಗಳನ್ನು ಕೊಳ್ಳಬೇಕೆಂಬುದಕ್ಕೆ ಬೇರೆ ಸಮಿತಿಯೇ ಬೇಕಾಗುವುದಿಲ್ಲ.

ಪುಸ್ತಕಗಳು ಕಾಣೆಯಾದದ್ದು ಬಯಲಿಗೆ ಬಂದರೆ ಮೇಲ್ವಿಚಾರಕರಿಗೆ ತೊಂದರೆಯಾಗದೇ ಎಂಬ ಅಳುಕೂ ಕೆಲವೆಡೆ ಇದೆ. ಎಷ್ಟೋ ಕಡೆಗಳಲ್ಲಿ ಈ ಭಯದಿಂದಲೇ ಪುಸ್ತಕಗಳನ್ನು ಬೀಗದೊಳಗೆ ಇಡುವುದುಂಟು. ಓದುಗರ ಕೈಯಲ್ಲಿ ಸವೆದು ಹರಿದ ಪುಸ್ತಕವು ತನ್ನ ಕೆಲಸವನ್ನು ಮಾಡಿ ಮುಗಿಸಿದೆ. ಬೀಗದೊಳಗೆ ಹೊಸದಾಗಿಯೇ ಉಳಿದ ಪುಸ್ತಕವನ್ನು ಗೆದ್ದಲು ಮಾತ್ರ ಓದಿತು. ಮೊದಲನೆಯ ತಪಾಸಣೆಯಲ್ಲಿ ಕಂಡುಬಂದ ಹಳೆಯ ನಷ್ಟಕ್ಕೆ ಯಾರನ್ನೂ ಹೊಣೆ ಮಾಡಕೂಡದೆಂದು ಇಲಾಖೆಯವರು ಆಜ್ಞೆಯನ್ನು ಹೊರಡಿಸಿದರೆ, ಬೀಗಗಳು ತಾವಾಗಿಯೇ ತೆರೆಯುತ್ತವೆ.

ಕನ್ನಡದ ಏಳಿಗೆಯನ್ನು ಕುರಿತು ಸಭೆಗಳಲ್ಲಿ ನಾವು ಬಹಳ ಮಾತನಾಡುತ್ತೇವೆ. ಪ್ರತಿವರ್ಷವೂ ಸಾವಿರಾರು ಪುಸ್ತಕಗಳು ಅಚ್ಚಾಗುತ್ತವೆ. ಅವುಗಳನ್ನು ಕೊಂಡು ಊರೂರಿಗೆ ಕಳುಹಿಸಲು ಸರಕಾರವು ಹಣವನ್ನು ವೆಚ್ಚಮಾಡುತ್ತದೆ. ಕಳುಹಿಸಿದ ಪುಸ್ತಕದ ಕಟ್ಟನ್ನು ಬಿಚ್ಚಿ, ಅದನ್ನು ಬೇಕಾದ ಮಗುವಿನ ಕೈಗೆ ಮುಟ್ಟಿಸುವ ಕಡೆಯ ಹತ್ತು ಹೆಜ್ಜೆಗಳಿಗೆ ಮಾತ್ರ ಆಳಿಲ್ಲ. ಆ ಹತ್ತು ಹೆಜ್ಜೆಗಳನ್ನು ನಡೆಯಬಲ್ಲ ತರುಣರು ನಮ್ಮ ಓಣಿಗಳಲ್ಲಿಯೇ ಇದ್ದಾರೆ.

ಆದುದರಿಂದ ನಮ್ಮ ವಾಚಕರಲ್ಲಿ ಒಂದು ವಿಜ್ಞಾಪನೆಯುಂಟು. ಸರಕಾರದ ಆಜ್ಞೆಯು ಬರಲೆಂದು ಕಾದಿರಬೇಡಿರಿ. ಉಪಾಧ್ಯಾಯರು ತಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಓದಿನ ಮೇಲೆ ಅಕ್ಕರೆಯುಳ್ಳ ಇಬ್ಬರ ಹೆಸರುಗಳನ್ನು ಗೊತ್ತುಮಾಡಿಕೊಳ್ಳಲಿ. ಪಟ್ಟಣಿಗರು ತಮ್ಮ ತೆರಿಗೆಯ ರಸೀದಿಯನ್ನು ಕೈಯಲ್ಲಿ ಹಿಡಿದು ಪುರಸಭೆಯ ಸದಸ್ಯರನ್ನು ಕಾಣಲಿ; ಹಳ್ಳಿಗರು ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಲಿ. ಪ್ರತಿಯೊಂದು ಜಿಲ್ಲೆಯಲ್ಲಿ ಹತ್ತು ಗ್ರಂಥಾಲಯಗಳಾದರೂ ಬರುವ ಬೇಸಗೆಯಲ್ಲಿ ಇದನ್ನು ಮಾಡಿ ತೋರಿಸಿದರೆ, ಅದರ ಮರುವರ್ಷ ನೂರು ಗ್ರಂಥಾಲಯಗಳು ತಾವಾಗಿ ಕೇಳುವವು. ಹಾಗೆ ಮಾಡಿದ ಊರುಗಳಲ್ಲಿ ಜೂನ್ ತಿಂಗಳ ಮೊದಲನೆಯ ದಿನ ಮಾಸ್ತರರು ಓದಿಸಿ ನೋಡಲಿ. ಫಲವು ಏನೆಂಬುದನ್ನು ಆ ಮಕ್ಕಳೇ ಹೇಳಿಯಾರು.